ಅಪ್ಪನ ಪಾತ್ರ ಯಾಕೆ ನಿಲ್ಲುತ್ತಿಲ್ಲ? ಚಿತ್ರಕಥೆ ಬರೆಯುವವರು ಸ್ವಲ್ಪ ನೋಡಿ

ತೆಂಗಿನ ನೆರಳು:

ಎಲ್ಲರಿಗೂ ನಮಸ್ಕಾರ. ಒಂದು ಚಿತ್ರಕಥೆ ಬರೆಯುತ್ತಿದ್ದೇನೆ. ಕಥೆ ನಡೆಯುವುದು ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ. ಶಿವಣ್ಣ ತೆಂಗು ಬೆಳೆಗಾರ, ಅರವತ್ತು ದಾಟಿದೆ. ಮಗಳು ಪ್ರತಿಮಾ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ತೋಟ ಮಾರಿ ಅಲ್ಲೊಂದು ಫ್ಲಾಟ್ ತಗೊಳ್ಳೋಣ ಅಂತಾಳೆ. ಇವನು ಒಪ್ಪುವುದಿಲ್ಲ. ಹೆಂಡತಿ ಗೌರಮ್ಮ.

ಓದಿದವರೆಲ್ಲ ಹೇಳಿದ್ದು ಒಂದೇ. ಕಥೆ ಪರವಾಗಿಲ್ಲ, ಆದರೆ ಅಪ್ಪ ನೆನಪಲ್ಲಿ ಉಳಿಯೋದಿಲ್ಲ ಅಂತ. ನಾನು ಸುಮ್ನೆ ಬರೆದಿಲ್ಲ ಕಣ್ರೀ. ಒಂದು ದೊಡ್ಡ ಪ್ರಶ್ನಾವಳಿ ಇಟ್ಟುಕೊಂಡು ಶಿವಣ್ಣನ ಪೂರ್ತಿ ಜಾತಕ ಬರೆದಿದ್ದೇನೆ. ಇಷ್ಟದ ತಿಂಡಿ, ಬಾಲ್ಯದ ನೋವು, ದೊಡ್ಡ ಭಯ, ಮುಚ್ಚಿಟ್ಟ ಗುಟ್ಟು, ಎಲ್ಲಾ ಇದೆ. ಆದರೂ ದೃಶ್ಯಕ್ಕೆ ಬಂದರೆ ಹೀಗಾಗುತ್ತೆ:

ಶಿವಣ್ಣ: ಈ ತೋಟ ನನ್ನ ಜೀವ. ನನ್ನಪ್ಪ ಬೆವರು ಸುರಿಸಿ ಬೆಳೆಸಿದ್ದು.
ಪ್ರತಿಮಾ: ಕಾಲ ಬದಲಾಗಿದೆ ಅಪ್ಪಾ. ಭಾವನೆಯಿಂದ ಹೊಟ್ಟೆ ತುಂಬಲ್ಲ.
ಶಿವಣ್ಣ: ದುಡ್ಡೇ ಎಲ್ಲಾ ಅಲ್ಲ ಮಗಳೇ.
ಪ್ರತಿಮಾ: ನಿಮಗೆ ನನ್ನ ಕಷ್ಟ ಯಾವತ್ತೂ ಅರ್ಥ ಆಗಿಲ್ಲ.
ಗೌರಮ್ಮ: ಸಾಕು, ಕಾಫಿ ಆರಿಹೋಗುತ್ತೆ.

ಎಲ್ಲಿ ಸರಿ ಮಾಡಬೇಕು ಹೇಳಿ. ಬೈದರೂ ಬೇಜಾರಿಲ್ಲ.

ಸೀನ್ ಆರ್ಡರ್:

ಬೈಯಲ್ಲ. ಹತ್ತಾರು ಧಾರಾವಾಹಿಗೆ ಸಂಭಾಷಣೆ ಬರೆದ ಕೈ ನನ್ನದು. ಮೇಲಿನ ನಾಲ್ಕು ಸಾಲನ್ನು ನಾನೇ ಬೇರೆ ಬೇರೆ ಹೆಸರಲ್ಲಿ ಎಷ್ಟು ಸಲ ಬರೆದಿದ್ದೇನೋ ಗೊತ್ತಿಲ್ಲ.

ತೊಂದರೆ ಏನು ಅಂದರೆ ಶಿವಣ್ಣ ತನ್ನ ಬಗ್ಗೆ ತಾನೇ ವರದಿ ಒಪ್ಪಿಸುತ್ತಿದ್ದಾನೆ. ನೀವು ಪ್ರಶ್ನಾವಳಿಯಲ್ಲಿ ಬರೆದ ಉತ್ತರವನ್ನೇ ಅವನ ಬಾಯಿಗೆ ಹಾಕಿದ್ದೀರಿ. ಹಳ್ಳಿಯಲ್ಲಿ ಯಾವ ಬೆಳೆಗಾರನೂ ಮಗಳ ಎದುರು ನಿಂತು "ಈ ತೋಟ ನನ್ನ ಜೀವ" ಅನ್ನಲ್ಲ. ಮೋಟರ್ ಸುಟ್ಟುಹೋಗಿರೋದು, ಕಾಯಿ ಕೀಳುವವನು ಬಾರದೇ ಇರೋದು, ನುಸಿ ಬಿದ್ದಿರೋದು, ಇಂಥದ್ದನ್ನು ಮಾತಾಡುತ್ತಾನೆ. ಜೀವ ಅನ್ನೋದು ನಮಗೆ ಗೊತ್ತಾಗಬೇಕು, ಅವನು ಹೇಳಬಾರದು.

ಇನ್ನೊಂದು. ಯಾರೋ ಬಂದು "ಒಂದು ಮ್ಯಾನರಿಸಂ ಕೊಡಿ, ಮೀಸೆ ತಿರುವಲಿ, ಪದೇ ಪದೇ ಕನ್ನಡಕ ಒರೆಸಲಿ" ಅಂತ ಹೇಳುತ್ತಾರೆ, ಕೇಳಬೇಡಿ. ಧಾರಾವಾಹಿಯಲ್ಲಿ ಮ್ಯಾನರಿಸಂ ಬೇಕಾಗುತ್ತೆ, ಯಾಕೆಂದರೆ ನೋಡುವವರು ಒಲೆ ಮೇಲೆ ಅನ್ನ ಇಟ್ಟು ಮಧ್ಯದಲ್ಲಿ ಬಂದು ಕೂರುತ್ತಾರೆ. ಯಾರು ಯಾರು ಅಂತ ತಕ್ಷಣ ಗುರುತು ಹತ್ತಬೇಕು. ಸಿನಿಮಾದಲ್ಲಿ ಆ ಅವಸರ ಇಲ್ಲ.

ಕಾಡುಹಾದಿ:

ನನಗೆ ಈ ಪ್ರಶ್ನಾವಳಿಗಳ ಮೇಲೆ ಮೊದಲಿನಿಂದಲೂ ಅನುಮಾನ. ನಮಗೆ ನೆನಪಿರುವ ಪಾತ್ರಗಳನ್ನೇ ತೆಗೆದುಕೊಳ್ಳಿ. ನಾಯಿಗುತ್ತಿ. 'ಮಲೆಗಳಲ್ಲಿ ಮದುಮಗಳು' ಬಂದದ್ದು 1967ರಲ್ಲಿ, ಈಗಲೂ ಮಲೆನಾಡಿನಲ್ಲಿ ದೊಡ್ಡ ನಾಯಿ ಕಟ್ಟಿಕೊಂಡು ಓಡಾಡುವವನನ್ನು ನೋಡಿದರೆ ಆ ಹೆಸರು ಬಾಯಿಗೆ ಬರುತ್ತೆ. ಗುತ್ತಿಯ ಬಾಲ್ಯದ ನೋವು ಏನು ಅಂತ ಕೇಳಿದರೆ ನಾನು ಹೇಳಲಾರೆ. ಆದರೆ ಹುಲಿಯ ಅನ್ನುವ ಆ ನಾಯಿ ಜೊತೆ ಅವನು ಹೇಗಿರುತ್ತಾನೆ ಅಂತ ಕೇಳಿ, ಒಂದು ಗಂಟೆ ಮಾತಾಡುತ್ತೇನೆ. ಗುತ್ತಿಯ ಅರ್ಧ ಗುಣ ನಮಗೆ ಗೊತ್ತಾಗುವುದು ಆ ನಾಯಿಯಿಂದ. ಊರವರು ಅವನ ಹೆಸರಿಗೇ ನಾಯಿಯನ್ನು ಅಂಟಿಸಿಬಿಟ್ಟಿದ್ದಾರೆ.

'ಕರ್ವಾಲೊ'ದ ಮಂದಣ್ಣನೂ ಹಾಗೇ. ಕಥೆ ಹೇಳುವವನಿಗೆ ಅವನೊಬ್ಬ ಪೆದ್ದ, ಉಂಡಾಡಿ. ವಿಜ್ಞಾನಿ ಕರ್ವಾಲೊಗೆ ಅವನು ಹುಟ್ಟು ಜೀವವಿಜ್ಞಾನಿ. ಒಬ್ಬನೇ ಮನುಷ್ಯ, ನೋಡುವ ಕಣ್ಣು ಎರಡು. ಮಂದಣ್ಣ ಮಾತ್ರ ಜೇನು, ಮದುವೆ, ಒಂದು ಸರ್ಕಾರಿ ಕೆಲಸ ಅಂತ ತನ್ನ ಪಾಡಿಗೆ ಇರುತ್ತಾನೆ. ಆ ಎರಡು ನೋಟದ ಮಧ್ಯೆ ಅವನು ಬೆಳೆಯುತ್ತಾ ಹೋಗುತ್ತಾನೆ.

ಹಾಗಾಗಿ ಶಿವಣ್ಣನನ್ನು ಒಂಟಿಯಾಗಿ ಕೂರಿಸಿಕೊಂಡು ಅವನೊಳಗೆ ಏನಿದೆ ಅಂತ ಅಗೆಯಬೇಡಿ. ಯಾರ ಜೊತೆ ಹೇಗಿರುತ್ತಾನೆ ನೋಡಿ. ಮಗಳ ಎದುರು ಒಂದು ಥರ, ಕಾಯಿ ಕೀಳುವವನ ಎದುರು ಇನ್ನೊಂದು ಥರ, ಸೊಸೈಟಿ ಕಾರ್ಯದರ್ಶಿ ಎದುರು ಮತ್ತೊಂದು ಥರ. ಆ ವ್ಯತ್ಯಾಸದಲ್ಲೇ ಮನುಷ್ಯ ಸಿಗುತ್ತಾನೆ.

ಮೂರನೇ ರೀಲು:

ಕಾದಂಬರಿ ಉದಾಹರಣೆ ಕೊಡುವಾಗ ಒಂದು ವಿಷಯ ಮರೆಯಬಾರದು. ಕರ್ವಾಲೊದಲ್ಲಿ 'ನಾನು' ಅಂತ ಕಥೆ ಹೇಳುವವನೊಬ್ಬ ಇದ್ದಾನೆ. ಅವನು ತಪ್ಪು ತಿಳಿದುಕೊಂಡರೆ ಅದೇ ಓದುಗನಿಗೆ ಲಾಭ. ಚಿತ್ರಕಥೆಯಲ್ಲಿ ಆ ಸೌಲಭ್ಯ ಇಲ್ಲ. ಕಾಣುವುದು, ಕೇಳುವುದು, ಅಷ್ಟೇ ಬರೆಯಬಹುದು. ತಪ್ಪು ತಿಳಿಯುವುದಕ್ಕೆ ಪರದೆ ಮೇಲೆ ಇನ್ನೊಬ್ಬ ಮನುಷ್ಯ ಬೇಕು.

ಇನ್ನು ನನ್ನ ಪಾಠ ತುಂಬ ಹಳೇದು, ಆದರೂ ಹೇಳುತ್ತೇನೆ. ಪಾತ್ರಕ್ಕೆ ಏನು ಬೇಕು? ಅದು ಸಿಗದಂತೆ ಯಾರು ಅಡ್ಡ ನಿಂತಿದ್ದಾರೆ? ಇವೆರಡು ಗೊತ್ತಿದ್ದರೆ ಉಳಿದದ್ದು ತಾನಾಗಿ ಬರುತ್ತೆ. ಶಿವಣ್ಣನಿಗೆ ಬೇಕಾಗಿರುವುದು ತೋಟ ಉಳಿಸಿಕೊಳ್ಳುವುದು. ಅದು ಈಗಾಗಲೇ ಅವನ ಹತ್ತಿರ ಇದೆ! ಇರುವುದನ್ನು ಹಿಡಿದುಕೊಂಡು ಕೂತವನು ಏನು ಮಾಡುತ್ತಾನೆ? ಕೂತೇ ಇರುತ್ತಾನೆ. ಅದಕ್ಕೇ ದೃಶ್ಯದಲ್ಲಿ ಬರೀ ಮಾತು.

'ಚೋಮನ ದುಡಿ'ಯ ಚೋಮನನ್ನು ನೋಡಿ. ಅವನಿಗೆ ಸ್ವಂತ ಬೇಸಾಯ ಮಾಡಬೇಕು. ಹುಟ್ಟಿದ ಜಾತಿಯ ಕಾರಣಕ್ಕೆ ಧಣಿ ಭೂಮಿ ಕೊಡುವುದಿಲ್ಲ. ಆದರೆ ಅವನ ಗುಡಿಸಲಲ್ಲಿ ಒಂದು ಜೊತೆ ಎತ್ತು ಇದೆ. ಉಳೋಕೆ ನೆಲ ಇಲ್ಲ, ಎತ್ತಿಗೆ ಮಾತ್ರ ದಿನಾ ಮೇವು ಹಾಕಬೇಕು. ಇದು ಕಾರಂತರ ಕೈಚಳಕ. ಆಸೆಯನ್ನು ಅವನ ಮನಸ್ಸಿನೊಳಗೆ ಬಿಟ್ಟಿಲ್ಲ, ಅಂಗಳದಲ್ಲಿ ತಂದು ಕಟ್ಟಿದ್ದಾರೆ. 1975ರ ಸಿನಿಮಾದಲ್ಲಿ ಎಂ.ವಿ. ವಾಸುದೇವರಾಯರಿಗೆ ರಾಷ್ಟ್ರಪ್ರಶಸ್ತಿ ಬಂತು, ಬರಬೇಕಾದದ್ದೇ. ಆದರೆ ನಟನಿಗೆ ಹಿಡಿದುಕೊಳ್ಳೋಕೆ ಎತ್ತು, ದುಡಿ, ಸಾಲ, ಮಕ್ಕಳು ಅಂತ ಇಷ್ಟೆಲ್ಲ ಸಿಕ್ಕಿತ್ತು. ನಿಮ್ಮ ಶಿವಣ್ಣನ ಪಾತ್ರ ಮಾಡುವವನಿಗೆ ಏನಿದೆ? ಒಂದು ಕುರ್ಚಿ.

ತೆಂಗಿನ ನೆರಳು:

ಕುರ್ಚಿ ಮಾತು ಚುಚ್ಚಿತು, ನಿಜವೇ. ಆದರೆ ಒಂದು ಪ್ರಶ್ನೆ. ಎಲ್ಲ ಪಾತ್ರಕ್ಕೂ ಏನಾದರೂ ಬೇಕೇ ಬೇಕಾ? 'ತಿಥಿ'ಯ ಗಡ್ಡಪ್ಪನಿಗೆ ಏನು ಬೇಕಾಗಿತ್ತು?

ಸೀನ್ ಆರ್ಡರ್:

ಹಾ, ಈಗ ಬಂತು ನೋಡಿ ಮಜಾ.

ಮೂರನೇ ರೀಲು:

ಗಡ್ಡಪ್ಪನಿಗೂ ಬೇಕಾದದ್ದಿದೆ. ಯಾರೂ ತಂಟೆಗೆ ಬರಬಾರದು. ಜೇಬಲ್ಲಿ ಒಂದು ಬಾಟಲಿ ಇರಬೇಕು, ಅಲೆದಾಡಬೇಕು.

ಕಾಡುಹಾದಿ:

ಅದನ್ನು 'ಬಯಕೆ' ಅಂತ ಕರೆದರೆ ಆ ಸೂತ್ರಕ್ಕೆ ಸಿಕ್ಕದ ಮನುಷ್ಯನೇ ಇಲ್ಲ, ಕಲ್ಲಿಗೂ ಬಯಕೆ ಇದೆ ಅನ್ನಬಹುದು. ಆ ಸಿನಿಮಾದ ಓಟ ಇರುವುದು ಗಡ್ಡಪ್ಪನ ಮಗ ತಮ್ಮಣ್ಣನಲ್ಲಿ. ಗಡ್ಡಪ್ಪನ ಅಪ್ಪ, ನೂರೊಂದು ವರ್ಷದ ಸೆಂಚುರಿ ಗೌಡ ಸತ್ತ ಮೇಲೆ ಜಮೀನು ಗಡ್ಡಪ್ಪನಿಗೆ ಬರಬೇಕು. ಅವನು ಅದನ್ನು ತಿರುಗಿಯೂ ನೋಡಲ್ಲ. ತಮ್ಮಣ್ಣ ಬದುಕಿರುವ ಅಪ್ಪನಿಗೆ ಮರಣಪತ್ರ ಮಾಡಿಸುತ್ತಾನೆ! ಏನೂ ಬೇಡ ಅನ್ನುವ ಒಬ್ಬನಿಂದ ಬೇಕು ಅನ್ನುವ ಉಳಿದವರೆಲ್ಲ ಬಯಲಾಗುತ್ತಾರೆ. ತಮ್ಮಣ್ಣ ಇಲ್ಲದಿದ್ದರೆ ಗಡ್ಡಪ್ಪ ಬರೀ ರಸ್ತೆಯಲ್ಲಿ ಹೋಗುವ ಮುದುಕ.

ಮೂರನೇ ರೀಲು:

ಅಲ್ಲಿ ಇನ್ನೊಂದು ವಿಶೇಷ ಇದೆ, ಅದನ್ನು ಹೇಳದೆ ಆ ಸಿನಿಮಾ ಹೊಗಳಬಾರದು. ಬರೆದವರಲ್ಲಿ ಒಬ್ಬರಾದ ಈರೇಗೌಡರು ಮಂಡ್ಯದ ನೊದೆಕೊಪ್ಪಲಿನವರೇ. ಊರಲ್ಲಿ ಮೊದಲು ಜನರನ್ನು ನೋಡಿ, ಅವರ ಮೈಗೆ ಹೊಂದುವ ಹಾಗೆ ಪಾತ್ರ ಬರೆದರು. ನಟಿಸಿದವರು ವೃತ್ತಿ ಕಲಾವಿದರಲ್ಲ. 2015ರಲ್ಲಿ ಲೊಕಾರ್ನೊದಲ್ಲಿ ಎರಡು ಪ್ರಶಸ್ತಿ ಬಂದದ್ದು ಎಲ್ಲರಿಗೂ ಗೊತ್ತು. ಆ ದಾರಿ ಎಲ್ಲರಿಗೂ ತೆರೆದಿಲ್ಲ. ನಮಗೆ ನಿರ್ಮಾಪಕರು ಮೊದಲೇ ನಟನನ್ನು ಕೊಟ್ಟು, ಆಮೇಲೆ ಪಾತ್ರ ಬರೆಯಿರಿ ಅಂತಾರೆ.

ಸೀನ್ ಆರ್ಡರ್:

ಮತ್ತೆ ಆ ನಟ ಬಂದು "ಸಾರ್, ನನ್ನ ಇಂಟ್ರೊಡಕ್ಷನ್ ಇನ್ನೂ ಸ್ವಲ್ಪ ಬಿಲ್ಡಪ್ ಬೇಕು" ಅಂತಾನೆ. ಬಿಡಿ, ಅದು ಬೇರೆ ರಾಮಾಯಣ.

ಚೆಂಡೆ ಪೆಟ್ಟು:

ಇಂಟ್ರೊಡಕ್ಷನ್ ಅಂದಿದ್ದಕ್ಕೆ ಬಂದೆ. ನಾನು ಕರಾವಳಿಯವ, ಸಿನಿಮಾ ಬರೆಯಲ್ಲ, ಯಕ್ಷಗಾನದ ಹುಚ್ಚು. ನಮ್ಮಲ್ಲಿ ಒಡ್ಡೋಲಗ ಅಂತ ಇದೆ. ಒಂದು ಬಣ್ಣದ ವೇಷ ತೆರೆಯ ಹಿಂದೆ ನಿಂತು ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುತ್ತದೆ. ಬಿಲ್ಡಪ್ ಅಂದರೆ ಅದು! ಆದರೆ ಪಾತ್ರ ನಿಲ್ಲುವುದು ಅಲ್ಲಿ ಅಲ್ಲ. ಪಾತ್ರ ನಿಲ್ಲುವುದು ಎದುರು ಪಾತ್ರ ಬಂದಾಗ.

ತಾಳಮದ್ದಳೆ ಕೇಳಿ. ಬಣ್ಣ ಇಲ್ಲ, ಕುಣಿತ ಇಲ್ಲ, ಕಿರೀಟ ಇಲ್ಲ. ಪಂಚೆ ಶಾಲು ಹಾಕಿಕೊಂಡು ಕೂತು ಮಾತಾಡುವುದು. ಹಾಗೆ ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಬರೆದುಕೊಟ್ಟ ಸಂಭಾಷಣೆಯೂ ಇಲ್ಲ, ಪದ್ಯ ಆದ ಮೇಲೆ ಅಲ್ಲೇ ಹುಟ್ಟಿಸಬೇಕು. ಕರ್ಣ ಒಬ್ಬನೇ ಕೂತು ತಾನು ಎಷ್ಟು ದೊಡ್ಡ ದಾನಿ ಅಂತ ಹೇಳಿಕೊಂಡರೆ ಸಭೆ ಆಕಳಿಸುತ್ತೆ. ಶಲ್ಯ ಸಾರಥಿಯಾಗಿ ಕೂತು ಕೆಣಕಬೇಕು. ಹುಟ್ಟು ಕೆದಕಬೇಕು, ಅರ್ಜುನನನ್ನು ಹೊಗಳಬೇಕು. ಆಗ ಕರ್ಣ ಸಿಟ್ಟನ್ನು ನುಂಗಿಕೊಂಡು ಏನು ಉತ್ತರ ಕೊಡುತ್ತಾನೆ, ಅದು ಕರ್ಣ. ಅದೇ ಅರ್ಥಧಾರಿ, ಅದೇ ಪ್ರಸಂಗ, ಎದುರಿಗೆ ಬೇರೆ ಶಲ್ಯ ಕೂತ ದಿನ ಬೇರೆಯೇ ಕರ್ಣ ಹುಟ್ಟುತ್ತಾನೆ. ನಾನು ಕಣ್ಣಾರೆ, ಕಿವಿಯಾರೆ ಕಂಡದ್ದು.

ನಿಮ್ಮ ಶಿವಣ್ಣನಿಗೆ ಸರಿಯಾದ ಶಲ್ಯ ಸಿಕ್ಕಿಲ್ಲ. ಮಗಳು ಅವನನ್ನು ಎಲ್ಲೂ ಕೆಣಕುತ್ತಿಲ್ಲ, ಬರೀ ಭಾಷಣಕ್ಕೆ ಭಾಷಣ ಕೊಡುತ್ತಿದ್ದಾಳೆ.

ಅಂಚೆಪೆಟ್ಟಿಗೆ:

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಗುತ್ತಿ, ಮಂದಣ್ಣ, ಚೋಮ, ಗಡ್ಡಪ್ಪ, ಕರ್ಣ. ಎಲ್ಲಾ ಗಂಡಸರು. ಸರಿ, ಇರಲಿ.

ಮೇಲಿನ ಐದು ಸಾಲಿನ ದೃಶ್ಯದಲ್ಲಿ ನನಗೆ ನೆನಪಿರುವುದು ಒಂದೇ ಸಾಲು. "ಸಾಕು, ಕಾಫಿ ಆರಿಹೋಗುತ್ತೆ." ಅಪ್ಪ ಮಗಳು ಇಬ್ಬರೂ ಹೇಳುವುದನ್ನು ಯಾವ ಸಿನಿಮಾದ ಅಪ್ಪ ಮಗಳಾದರೂ ಹೇಳಬಹುದು. ಗೌರಮ್ಮನ ಮಾತು ಮಾತ್ರ ಆ ಮನೆಯ ಒಳಗಿನಿಂದ ಬಂದಿದೆ. ಲೇಖಕರು ಅವಳಿಗೆ ಪ್ರಶ್ನಾವಳಿ ತುಂಬಿರಲಿಕ್ಕಿಲ್ಲ ಅಂತ ನನ್ನ ಊಹೆ. ಅದಕ್ಕೇ ಅವಳು ಬದುಕಿಕೊಂಡಿದ್ದಾಳೆ!

ಈಗ ನನ್ನ ಪ್ರಶ್ನೆ. ತೋಟ ಮಾರುವ ಬಗ್ಗೆ ಗೌರಮ್ಮನಿಗೆ ಏನನ್ನಿಸುತ್ತೆ? ಅಷ್ಟು ವರ್ಷ ಕರಟ ಒಡೆದು ಕೊಬ್ಬರಿ ಬಿಡಿಸಿದ ಕೈ ಯಾರದ್ದು? ಆ ಮನೆಯಲ್ಲಿ ಯಾರೂ ಅವಳನ್ನು ಕೇಳಿಲ್ಲ. ಬರೆದವರೂ ಕೇಳಿಲ್ಲ.

ಸೀನ್ ಆರ್ಡರ್:

ಅಂಚೆಪೆಟ್ಟಿಗೆಯವರಿಗೆ ನೂರಕ್ಕೆ ನೂರು. ನಿಮ್ಮ ಶಲ್ಯ ಅಡುಗೆಮನೆಯಲ್ಲಿದ್ದಾಳೆ ಸ್ವಾಮಿ.

ತೆಂಗಿನ ನೆರಳು:

ಹೌದು, ಗೌರಮ್ಮನಿಗೆ ಪ್ರಶ್ನಾವಳಿ ಇರಲಿಲ್ಲ. ಹೇಗೆ ಗೊತ್ತಾಯ್ತು ನಿಮಗೆ?

ಮತ್ತೆ ಬರೆದೆ. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಗೊತ್ತಿಲ್ಲದವರಿಗೆ ಒಂದು ಮಾತು. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹರಡಿ ತಿಂಗಳುಗಟ್ಟಲೆ ಬಿಡುತ್ತಾರೆ, ಹೆಚ್ಚುಕಡಿಮೆ ಒಂದು ವರ್ಷ. ಒಳಗಿನ ನೀರು ಆರಿ, ಕೊಬ್ಬರಿ ಕರಟದಿಂದ ಬಿಟ್ಟುಕೊಳ್ಳುತ್ತೆ. ಆಗ ಅಲ್ಲಾಡಿಸಿದರೆ ಒಳಗೆ ಗಟ್ಟಿ ಉಂಡೆ ಬಡಿದ ಸದ್ದು ಬರುತ್ತೆ. ಆಮೇಲೆ ಸುಲಿದು, ಒಡೆದು, ತಿಪಟೂರು ಮಾರುಕಟ್ಟೆಗೆ.

ದೃಶ್ಯ ಹೀಗೆ. ಕೆಳಗೆ ಪಡಸಾಲೆಯಲ್ಲಿ ಜಮೀನು ದಲ್ಲಾಳಿ ಕೂತಿದ್ದಾನೆ, ಪ್ರತಿಮಾ ಕರೆಸಿದ್ದು. ಶಿವಣ್ಣ ಅಟ್ಟದ ಮೇಲೆ. ಒಂದೊಂದೇ ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾನೆ.

ಪ್ರತಿಮಾ (ಏಣಿ ಹತ್ತಿರ): ಅಪ್ಪಾ, ಅವರು ಬಂದು ಅರ್ಧ ಗಂಟೆ ಆಯ್ತು.
ಶಿವಣ್ಣ: ಇನ್ನೂ ಬಂದಿಲ್ಲ.
ಪ್ರತಿಮಾ: ಬಂದಿದ್ದಾರೆ ಅಪ್ಪಾ, ಕೂತಿದ್ದಾರೆ.
ಶಿವಣ್ಣ: ಕಾಯಿ. ಕಾಯಿ ಇನ್ನೂ ಬಂದಿಲ್ಲ.
(ಇಳಿದು ಬರುತ್ತಾನೆ. ದಲ್ಲಾಳಿ ಎದ್ದು ನಿಲ್ಲುತ್ತಾನೆ.)
ದಲ್ಲಾಳಿ: ಎಕರೆಗೆ ಎಷ್ಟು ಅಂದ್ಕೊಂಡಿದ್ದೀರಿ ಯಜಮಾನ್ರೇ?
ಶಿವಣ್ಣ: ಕಾಫಿ ಕುಡುದ್ರಾ?
ಗೌರಮ್ಮ (ಬಾಗಿಲಲ್ಲಿ): ಕುಡುದಾಯ್ತು, ಎರಡು ಸಲ. ಎಷ್ಟು ಅಂತ ಹೇಳಿ ಅವ್ರಿಗೆ.

ಗೌರಮ್ಮನಿಗೆ ತೋಟ ಮಾರಬೇಕು ಅಂತಿದೆ. ಬರೆಯುವ ತನಕ ನನಗೂ ಗೊತ್ತಿರಲಿಲ್ಲ.

ಕಾಡುಹಾದಿ:

ಅಬ್ಬಾ. ಆ ಕೊನೇ ಸಾಲು ಬಂದ ತಕ್ಷಣ ನಾನು ಶಿವಣ್ಣನ ಮುಖ ನೋಡಬೇಕು ಅನ್ನಿಸಿತು. ಅವನು ಏನೂ ಹೇಳದಿದ್ದರೂ ನಡೆಯುತ್ತೆ.

ಮೂರನೇ ರೀಲು:

ತುಂಬಾ ಮೇಲು. ಎರಡು ಆಕ್ಷೇಪ ಇದೆ, ಎರಡೂ ಜಗಳಕ್ಕೆ ಯೋಗ್ಯ.

ಒಂದು, "ಕಾಯಿ ಇನ್ನೂ ಬಂದಿಲ್ಲ" ಅನ್ನೋದು ಸ್ವಲ್ಪ ಜಾಣತನ ಆಯ್ತು. ಶಿವಣ್ಣ ಬೇಕಂತಲೇ ಎರಡರ್ಥ ಬರುವ ಹಾಗೆ ಮಾತಾಡುವ ಮನುಷ್ಯನಾ? ಹಾಗಿದ್ದರೆ ಸರಿ, ಸಿನಿಮಾ ಪೂರ್ತಿ ಹಾಗಿರಲಿ. ಇಲ್ಲವಾದರೆ ಅದು ನಿಮ್ಮ ಜಾಣತನ, ಅವನದ್ದಲ್ಲ.

ಎರಡು, ಪ್ರತಿಮಾ ಈಗ ಬರೀ ಏಣಿ ಹಿಡಿದುಕೊಂಡು ನಿಂತಿದ್ದಾಳೆ. ಅಪ್ಪ ಅಮ್ಮ ಮೇಲೆದ್ದರು, ಮಗಳು ಕೆಳಗೆ ಹೋದಳು.

ಅಂಚೆಪೆಟ್ಟಿಗೆ:

ಮೊದಲನೆಯದನ್ನು ನಾನು ಒಪ್ಪಲ್ಲ. ನಮ್ಮ ಹಳ್ಳಿ ಗಂಡಸರು ಉತ್ತರ ಕೊಡಬಾರದು ಅಂತ ಇದ್ದಾಗ ಹೀಗೇ ಮಾತಾಡೋದು. ಕೇಳಿದ್ದು ಒಂದು, ಹೇಳೋದು ಇನ್ನೊಂದು. "ಕಾಫಿ ಕುಡುದ್ರಾ" ಕೂಡ ಅದೇ ಜಾತಿಯದ್ದು. ಅದು ಜಾಣತನ ಅಲ್ಲ, ತಪ್ಪಿಸಿಕೊಳ್ಳುವುದು. ಅದನ್ನೇ ಅವನ ಗುಣ ಮಾಡಿ. ಸಿನಿಮಾದಲ್ಲಿ ಒಂದೇ ಒಂದು ಸಲ ನೇರ ಪ್ರಶ್ನೆಗೆ ನೇರ ಉತ್ತರ ಕೊಡಲಿ. ಯಾವಾಗ, ಯಾರಿಗೆ ಅನ್ನೋದು ನಿಮ್ಮ ಕ್ಲೈಮ್ಯಾಕ್ಸ್.

ಎರಡನೆಯದು ನಿಜ. ಅಮ್ಮನೂ ಮಾರಬೇಕು ಅಂತಿದ್ದಾಳೆ ಅಂತ ಪ್ರತಿಮಾಗೆ ಆ ಕ್ಷಣದಲ್ಲೇ ಗೊತ್ತಾಗುತ್ತೆ ಅಲ್ವಾ? ಅವಳಿಗೆ ಖುಷಿ ಆಗಬೇಕಿತ್ತು. ಆದರೆ ಅಪ್ಪನ ಮೇಲೆ ಇಬ್ಬರು ಬಿದ್ದ ಹಾಗಾಯ್ತಲ್ಲ ಅಂತ ಅವಳಿಗೇ ಇರುಸುಮುರುಸಾದರೆ? ದಲ್ಲಾಳಿಗೆ "ನಾಳೆ ಫೋನ್ ಮಾಡ್ತೀನಿ" ಅಂತ ಅವಳೇ ಕಳಿಸಿಬಿಡಲಿ.

ಸೀನ್ ಆರ್ಡರ್:

ಇದನ್ನು ನಾನು ಕದಿಯಬಹುದಾ? ತಮಾಷೆಗೆ ಹೇಳಿದೆ. ಅರ್ಧ ತಮಾಷೆಗೆ.

ಚೆಂಡೆ ಪೆಟ್ಟು:

ಇಲ್ಲದವನ ಬಗ್ಗೆಯೂ ಒಂದು ಮಾತು. ಶಿವಣ್ಣನ ಅಪ್ಪ, ತೋಟ ಮಾಡಿದವನು, ಅವನನ್ನು ಫ್ಲ್ಯಾಶ್‌ಬ್ಯಾಕಿನಲ್ಲಿ ತೋರಿಸುತ್ತೀರಾ? ತೋರಿಸದಿದ್ದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. 'ಸಂಸ್ಕಾರ'ದ ನಾರಣಪ್ಪ ಕಾದಂಬರಿ ಶುರುವಾಗುವಷ್ಟರಲ್ಲೇ ಸತ್ತಿರುತ್ತಾನೆ. ಆದರೂ ಆ ಅಗ್ರಹಾರದಲ್ಲಿ ಅವನಷ್ಟು ಜೀವಂತ ಇನ್ನೊಬ್ಬ ಇಲ್ಲ. ಒಬ್ಬೊಬ್ಬರೂ ತಮ್ಮ ಹೊಟ್ಟೆಕಿಚ್ಚು, ತಮ್ಮ ಆಸೆ ಸೇರಿಸಿ ಅವನ ಬಗ್ಗೆ ಹೇಳುತ್ತಾರೆ. 1970ರ ಸಿನಿಮಾದಲ್ಲಿ ಲಂಕೇಶರು ಆ ಪಾತ್ರ ಮಾಡಿದರು, ಚೆನ್ನಾಗಿಯೇ ಮಾಡಿದರು. ಆದರೆ ಓದುವಾಗ ನನ್ನ ತಲೆಯಲ್ಲಿದ್ದ ನಾರಣಪ್ಪ ಇನ್ನೂ ಧಾಂಡಿಗ.

ಮೂರನೇ ರೀಲು:

ಸಿನಿಮಾದಲ್ಲಿ ನಾರಣಪ್ಪನ ಮುಖ ಬೇಕಿತ್ತು ಅಂತ ನನ್ನ ವಾದ. ಅವನ ಆ ಗತ್ತು ಕಣ್ಣಿಗೆ ಬೀಳದಿದ್ದರೆ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಯಾವುದಕ್ಕೆ ಹೆದರುತ್ತಿದ್ದಾರೆ ಅಂತ ಗೊತ್ತಾಗಲ್ಲ. ಆದರೆ ಶಿವಣ್ಣನ ಅಪ್ಪನ ವಿಷಯದಲ್ಲಿ ಒಪ್ಪುತ್ತೇನೆ, ಅವನು ಬೇಡ. ಅವನು ಬಂದರೆ ಬಿಳಿ ಪಂಚೆ, ನಿಧಾನ ಗತಿ, ಕೊಳಲು. ಮುಗೀತು ಕಥೆ.

ತೆಂಗಿನ ನೆರಳು:

ಕೊಳಲು ನಿಜವಾಗಿಯೂ ಇತ್ತು. ತೆಗೆದೆ.

ಗೌರಮ್ಮ ಬೇರೆ ಥರ ಹೇಳಿದರೆ? ಮಾವ ಸಸಿ ನೆಟ್ಟ, ಸರಿ. ಬಿಂದಿಗೆ ಹೊತ್ತು ನೀರು ಹಾಕಿದ್ದು ಅತ್ತೆ. ಅತ್ತೆ ಅದನ್ನು ಗೌರಮ್ಮನಿಗೆ ಮಾತ್ರ ಹೇಳಿದ್ದಾಳೆ. ಶಿವಣ್ಣ "ನಮ್ಮಪ್ಪ ಮಾಡಿದ ತೋಟ" ಅಂದಾಗಲೆಲ್ಲ ಗೌರಮ್ಮ ಎದ್ದು ಒಳಗೆ ಹೋಗುತ್ತಾಳೆ. ಯಾಕೆ ಅಂತ ತುಂಬಾ ತಡವಾಗಿ ಗೊತ್ತಾಗುತ್ತೆ.

ಅಂಚೆಪೆಟ್ಟಿಗೆ:

ಇದು ಪ್ರಶ್ನಾವಳಿಯಲ್ಲಿ ಇರಲಿಲ್ಲ ಅಲ್ವಾ? ಅತ್ತೆಯ ಮಾತನ್ನು ಮುಚ್ಚಿಟ್ಟುಕೊಂಡ ಸೊಸೆ. ಆದರೆ ತಡವಾಗಿ ಗೊತ್ತಾಗಬೇಕಾದರೆ ಅವಳು ಎದ್ದು ಹೋಗುವುದು ಪ್ರತಿ ಸಲ ಬೇಡ. ಎರಡು ಸಲ ಸಾಕು. ಮೂರನೇ ಸಲ ಅವಳು ಏಳದೆ ಅಲ್ಲೇ ಕೂತಿರಲಿ. ನೋಡುವವರು ಅವಳು ಏಳುವುದನ್ನು ಕಾಯುತ್ತಿರುತ್ತಾರೆ.

ಕೊಬ್ಬರಿ ಮಂಡಿ:

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಕಥೆ ಬಗ್ಗೆ ನನಗೆ ಗೊತ್ತಿಲ್ಲ, ತೆಂಗು ಗೊತ್ತು. ತಿಪಟೂರು ಕಡೆಯವನು.

ಅಟ್ಟದ ಮೇಲೆ ಯಾರೂ ಒಂದೊಂದೇ ಕಾಯಿ ಅಲ್ಲಾಡಿಸುತ್ತಾ ಕೂರಲ್ಲ. ಸಾವಿರಗಟ್ಟಲೆ ಇರುತ್ತೆ. ಅಲ್ಲೊಂದು ಇಲ್ಲೊಂದು ತೆಗೆದು ನೋಡಿದರೆ ಅಂದಾಜು ಸಿಗುತ್ತೆ. ನೋಡಿದವರು ನಗುತ್ತಾರೆ.

ತೆಂಗಿನ ನೆರಳು:

ನಮ್ಮ ಮನೆಯಲ್ಲೂ ಹಾಗೇ ಅಲ್ಲೊಂದು ಇಲ್ಲೊಂದು. ಇವನು ಮಾತ್ರ ಒಂದೊಂದೇ ನೋಡುತ್ತಾನೆ ಅಂತ ಬರೆದೆ. ಕೆಳಗೆ ಇಳಿಯಬಾರದು ಅಂತ.

ಕೊಬ್ಬರಿ ಮಂಡಿ:

ಹಾಗಾದರೆ ಬೇರೆ ಮಾತು. ಆದರೆ ಅಂಥ ಒಬ್ಬ ಊರಲ್ಲಿದ್ದರೆ ಅವನಿಗೊಂದು ಅಡ್ಡಹೆಸರು ಬಿದ್ದೇ ಇರುತ್ತೆ. ನಮ್ಮ ಜನ ಬಿಡ್ತಾರಾ?

ಕಾಡುಹಾದಿ:

ಹೌದು! ಅಡ್ಡಹೆಸರು ಇಡಿ. ನಾಯಿಗುತ್ತಿಗೆ ಬಿದ್ದ ಹಾಗೆ.

ತೆಂಗಿನ ನೆರಳು:

'ಗುಡುಗುಡು ಶಿವಣ್ಣ'? ಜಾಸ್ತಿ ಆಯ್ತಾ?

ಸೀನ್ ಆರ್ಡರ್:

ಜಾಸ್ತಿ ಆಗಲಿಲ್ಲ. ಆದರೆ ಅದನ್ನು ಮೊದಲ ದೃಶ್ಯದಲ್ಲಿ ಯಾರೋ ಇಬ್ಬರು ಚಹಾ ಅಂಗಡಿಯಲ್ಲಿ ಕೂತು ನಮಗೆ ವಿವರಿಸಬಾರದು. ದಲ್ಲಾಳಿ ಪಡಸಾಲೆಯಲ್ಲಿ ಕಾದು ಕಾದು ಬೇಸತ್ತು ಯಾರಿಗೋ ಫೋನಿನಲ್ಲಿ ಹೇಳಲಿ, "ಇಲ್ಲೇ ಇದೀನಿ, ಗುಡುಗುಡು ಮನೇಲಿ" ಅಂತ. ಶಿವಣ್ಣನಿಗೆ ಅದು ಅಟ್ಟದ ಮೇಲೆ ಕೇಳಿಸಲಿ. ಆಮೇಲೆ ಅವನು ಇಳಿದು ಬಂದು "ಕಾಫಿ ಕುಡುದ್ರಾ" ಅಂತ ಕೇಳಲಿ. ಮೊದಲ ಹತ್ತು ದೃಶ್ಯ ಹೀಗೆ ತಿದ್ದಿ ಕಳಿಸಿ, ಓದುತ್ತೇನೆ.